ಸೊನ್ನೆ ತೋರಿಸಿದ ಯಂತ್ರ

ಗ್ಯಾರೇಜಿನ ಶೆಡ್ಡಿನ ಷಟರ್ ಎಳೆದುಕೊಂಡು ಅರ್ಧ ಗಂಟೆ ಹೊಗೆಯೊಳಗೆ ನಿಲ್ಲಬೇಕು. ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಒಂದಿರುತ್ತದೆ. ಅದು ಕಟ್ಟಿಕೊಂಡರೆ ಇಂಜಿನ್ನನ್ನು ಜೋರಾಗಿ ಓಡಿಸಿ, ಫಿಲ್ಟರ್ ಕೆಂಡದಂತೆ ಕಾಯುವವರೆಗೆ ಬಿಟ್ಟು, ಒಳಗಿನ ಮಸಿಯನ್ನು ಸುಡಬೇಕು. ಶಾಖ ಮಿತಿ ಮೀರಿದರೆ ನಿಲ್ಲಿಸಲು, ಕಾರಿನ ಒಳಗಿನ ಲೆಕ್ಕವನ್ನೆಲ್ಲ ಪರದೆಯ ಮೇಲೆ ತೋರಿಸುವ ಸ್ಕ್ಯಾನರ್ ಹಿಡಿದು ಒಬ್ಬ ಪಕ್ಕದಲ್ಲಿ ಇರಲೇಬೇಕು. ಹನ್ನೊಂದು ವರ್ಷದಿಂದ ಆ ಒಬ್ಬ ಮೂಗಣ್ಣ.

ಷಟರ್ ತೆರೆದಿಟ್ಟರೆ ಸದ್ದೂ ವಾಸನೆಯೂ ಎದುರಿನ ಗಾಜಿನ ಕೋಣೆಗೆ ನುಗ್ಗುತ್ತವೆ. ಅಲ್ಲಿ ಗಿರಾಕಿಗಳು ಕೂತಿರುತ್ತಾರೆ, ಅವರ ಮೂಗಿಗೆ ಬೆಲೆಯುಂಟು. ಹೊಗೆಯನ್ನು ಹೊರಗೆಳೆಯುವ ದೊಡ್ಡ ಫ್ಯಾನ್ ಸುಟ್ಟು ಎರಡು ವರ್ಷವಾಗಿತ್ತು. ಕೇಳಿದಾಗಲೆಲ್ಲ ಯಜಮಾನ "ಬರುತ್ತೆ ಬಿಡಪ್ಪ" ಎಂದು ಮೂಗಿಗೆ ತುಪ್ಪ ಸವರುತ್ತಿದ್ದ. ಮೂಗಣ್ಣ ಒದ್ದೆ ಬಟ್ಟೆ ಕಟ್ಟಿಕೊಂಡು ನಿಲ್ಲುತ್ತಿದ್ದ. ಬಿಚ್ಚಿದಾಗ ಬಟ್ಟೆ ಕಪ್ಪು.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಸೈಲೆನ್ಸರ್ ಬಾಯಿಗೆ ಬಗ್ಗಿ ಒಮ್ಮೆ ಮೂಸಿದರೆ ಸಾಕು, ಡೀಸೆಲ್ ಅರೆಬೆಂದಿದೆಯೋ, ಆಯಿಲ್ ಸುಡುತ್ತಿದೆಯೋ ಹೇಳಿಬಿಡುತ್ತಿದ್ದ. ಸ್ಕ್ಯಾನರ್ ಆಮೇಲೆ ಹೌದು ಅನ್ನುತ್ತಿತ್ತು. ವಿಷದ ಬಾಯಿಗೆ ದಿನವೂ ಮೂಗು ಒಡ್ಡುವುದು ದಡ್ಡತನ ಎಂದು ಅವನಿಗೆ ಯಾರೂ ಹೇಳಲಿಲ್ಲ. ಎಲ್ಲರೂ ಭೇಷ್ ಅಂದರು.

ಒಂದು ಬೆಳಿಗ್ಗೆ ಟ್ಯಾಕ್ಸಿ ಡ್ರೈವರ್ ಒಬ್ಬ ಬಂದ. ಅವನ ಕಾರಿನಲ್ಲಿ ಹಳದಿ ದೀಪ ಹತ್ತಿತ್ತು. ಫಿಲ್ಟರ್ ತುಂಬಿದೆ ಎಂದಿತು ಸ್ಕ್ಯಾನರ್. ಮೂಗಣ್ಣ ಬಗ್ಗಿ ಮೂಸಿದ. ಗೋಡೆಯನ್ನು ಮೂಸಿದ ಹಾಗಾಯಿತು. ಕೆಲವು ತಿಂಗಳಿಂದ ಹೀಗೇ, ಆ ಬಗ್ಗೆ ಅವನು ಬಾಯಿ ಬಿಟ್ಟಿರಲಿಲ್ಲ. ಇಂಜಿನ್ ಆರಿಸಿ, ಕೀಲಿ ಮಾತ್ರ ತಿರುಗಿಸಿ ಪರದೆ ನೋಡಿದ. ಇಂಜಿನ್ ನಿಂತ ಮೇಲೆ ಹೊಗೆ ಇಲ್ಲ, ಫಿಲ್ಟರಿನ ಮೇಲೆ ಒತ್ತಡವೂ ಇಲ್ಲ. ಸೊನ್ನೆ ತೋರಿಸಬೇಕು. ಪರದೆ ನಲವತ್ತು ತೋರಿಸುತ್ತಿತ್ತು.

"ಸಾರ್, ತಪ್ಪು ಫಿಲ್ಟರ್‌ದಲ್ಲ. ಒತ್ತಡ ಅಳೆಯೋ ಸೆನ್ಸರ್ ಸುಳ್ಳು ಹೇಳ್ತಿದೆ. ಸಣ್ಣ ಸಾಮಾನು, ಬದಲಾಯಿಸಿದ್ರೆ ಮುಗೀತು."

"ಪರದೆ ಮೇಲೆ ಏನಿದೆ?" ಎಂದ ಯಜಮಾನ.

"ಫಿಲ್ಟರ್ ತುಂಬಿದೆ ಅಂತಿದೆ. ಆದ್ರೆ..."

"ಹಾಗಾದ್ರೆ ತುಂಬಿದೆ. ಮಿಷನ್ ಸುಳ್ಳು ಹೇಳಲ್ಲ, ಮನುಷ್ಯ ಹೇಳ್ತಾನೆ. ಹೊಸ ಫಿಲ್ಟರ್ ಹಾಕು."

"ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದಂಗಾಯ್ತು ಸಾರ್."

"ಕಟ್ಟು ಅಂದ್ನಲ್ಲ. ಮಾತು ಕಮ್ಮಿ ಮಾಡು."

ಸೆನ್ಸರಿನ ಹತ್ತಾರು ಪಟ್ಟು ಬೆಲೆಯ ಹೊಸ ಫಿಲ್ಟರ್ ಬಿತ್ತು. ಸೆನ್ಸರನ್ನೂ ಸದ್ದಿಲ್ಲದೆ ಬದಲಾಯಿಸಿದರು, ಇಲ್ಲದಿದ್ದರೆ ದೀಪ ಮತ್ತೆ ಹತ್ತಿ ಗುಟ್ಟು ಬಯಲಾಗುತ್ತಿತ್ತಲ್ಲ! ಡ್ರೈವರ್ ಅದಕ್ಕಾಗಿ ಮನೆಯ ಏನನ್ನು ಮಾರಿದನೋ. ಹೋಗುವಾಗ ಮೂಗಣ್ಣನಿಗೇ ಕೈ ಮುಗಿದ. ಮೂಗಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸಂಜೆ ಹೆಂಡತಿ ಒಲೆಯ ಮೇಲೆ ಹಾಲಿಟ್ಟು ನೀರಿಗೆ ಹೋಗಿದ್ದಳು. ಬರುವಷ್ಟರಲ್ಲಿ ಪಾತ್ರೆಯ ತಳ ಇದ್ದಿಲಾಗಿತ್ತು. ಗಂಡ ಒಲೆಗೆ ಬೆನ್ನು ಮಾಡಿ, ಮಾರು ದೂರದಲ್ಲಿ ಕೂತಿದ್ದ.

"ಬೀದಿಗೆಲ್ಲ ಸೀದ ವಾಸನೆ ಬಡೀತಿದೆ. ಮೂಗು ಎಲ್ಲಿ ಬಿಟ್ಟು ಬಂದ್ರಿ?"

"ಶೆಡ್ಡಲ್ಲಿ," ಎಂದ ಅವನು. ಅವಳು ನಕ್ಕಳು. ಅವನು ನಗಲಿಲ್ಲ. "ನಿಜ ಕಣೇ. ಏನೂ ವಾಸನೆ ಬರ್ತಿಲ್ಲ."

ಅವಳ ನಗು ಅಲ್ಲೇ ನಿಂತಿತು. "ಮೆಟ್ಟಿಲು ಹತ್ತೋವಾಗ ಕೂತ್ಕೊಂಡು ಕೂತ್ಕೊಂಡು ಬರ್ತೀರಲ್ಲ, ಅದೂ ಇದೇನಾ?" ಎಂದವಳೇ ಮರುದಿನ ಅವನನ್ನು ಕ್ಲಿನಿಕ್ಕಿಗೆ ಹೊರಡಿಸಿದಳು.

ಗ್ಯಾರೇಜಿನ ಕೆಲಸಗಾರರೆಲ್ಲ ಗಟ್ಟಿಮುಟ್ಟಾಗಿದ್ದಾರೆ ಎಂದು ವರ್ಷಕ್ಕೊಮ್ಮೆ ಮುದ್ರೆ ಒತ್ತಿಕೊಡುವ ಕ್ಲಿನಿಕ್ ಒಂದಿತ್ತು. ಮುಖ ನೋಡದೆಯೇ ಒತ್ತುತ್ತಿದ್ದರು. ಈ ಸಲ ಮುಖವೇ ಹೋಗಿ ನಿಂತಿತು. ನರ್ಸ್ ಉಸಿರು ಅಳೆಯುವ ಯಂತ್ರದ ಕೊಳವೆ ಕೊಟ್ಟು, ಎದೆ ತುಂಬ ಉಸಿರು ಎಳೆದುಕೊಂಡು ಊದಿ ಅಂದಳು. ಮೂರು ಸಲ ಊದಿದ.

"ಅಣ್ಣ, ನಿಮ್ಗೆ ಇರ್ಬೇಕಾದ ಉಸಿರಲ್ಲಿ ಅರ್ಧಾನೇ ಇರೋದು."

ಮೂಗಣ್ಣನ ಕಸುಬು ಬುದ್ಧಿ ಸುಮ್ಮನಿರಲಿಲ್ಲ. "ಸಿಸ್ಟರ್, ಯಾರೂ ಊದದೇ ಇದ್ದಾಗ ಎಷ್ಟು ತೋರಿಸುತ್ತೆ? ಒಂಚೂರು ನೋಡೋಣ."

ತೋರಿಸಿದಳು. ಸೊನ್ನೆ.

"ಮಿಷನ್ ಸರಿಯಾಗಿದೆ," ಎಂದ. ಜೀವಮಾನದಲ್ಲಿ ಮೊದಲ ಸಲ, ಒಂದು ಯಂತ್ರ ಕೆಟ್ಟಿರಲಪ್ಪಾ ಎಂದು ಆಸೆಪಟ್ಟಿದ್ದ.

ಕ್ಲಿನಿಕ್ಕಿನವರು ಕೊಟ್ಟ ಕಾಗದ ಹಿಡಿದು ಯಜಮಾನನ ಮುಂದೆ ನಿಂತ. "ಫ್ಯಾನ್ ಹಾಕ್ಸಿ ಸಾರ್. ನನ್ನ ಔಷಧಿಗೂ ಒಂದು ದಾರಿ ಮಾಡಿ. ಈ ಶೆಡ್ಡಲ್ಲೇ ಆಗಿದ್ದು."

ಯಜಮಾನ ಓದಿದ. "ಈ ಮಿಷನ್‌ಗಳನ್ನೆಲ್ಲ ನಂಬ್ತಾರೇನಪ್ಪ! ಸೆನ್ಸರ್ ಕೆಟ್ಟಿರುತ್ತೆ. ನಿಂಗೇ ಗೊತ್ತಲ್ಲ."

"ಸೊನ್ನೆ ನೋಡ್ದೆ ಸಾರ್. ಕೆಟ್ಟಿಲ್ಲ."

"ಹಾಗಾದ್ರೆ ಬೀಡಿ ಸೇದಿರ್ತೀಯ."

"ಒಂದು ದಿನಾನೂ ಸೇದಿಲ್ಲ."

"ವಯಸ್ಸಾಯ್ತು ಅಂತ ಇಟ್ಕೋ. ವಾಸನೆ ಬರದ ಮೂಗಣ್ಣನ್ನ ಇಟ್ಕೊಂಡು ನಾನೇನ್ ಮಾಡ್ಲಿ? ನಾಳೆಯಿಂದ ಬರ್ಬೇಡ." ಕಾಗದವನ್ನು ಮಡಚಿ ಡ್ರಾಯರಿನಲ್ಲಿಟ್ಟು ತಳ್ಳಿದ. ಮೂಗಣ್ಣ ಬಾಯಿ ತೆರೆದ. ಬಂದದ್ದು ಕೆಮ್ಮು. ಹನ್ನೊಂದು ವರ್ಷ ನುಂಗಿದ್ದಕ್ಕೆ ಸಿಕ್ಕ ಮರ್ಯಾದೆ ಇಷ್ಟು.

ಶೆಡ್ಡಿನೊಳಗೆ ಈಗ ವೆಲ್ಡರನನ್ನು ನಿಲ್ಲಿಸಿದರು. ವಾರ ಕಳೆಯುವುದರೊಳಗೆ ವೆಲ್ಡರ್, ಕಾರು ತೊಳೆಯುವ ಅಕ್ಕ, ಬಣ್ಣ ಹೊಡೆಯುವವ ಮೂವರೂ ಮೂಗಣ್ಣನ ಮನೆ ಬಾಗಿಲಿಗೆ ಬಂದರು.

"ಅಣ್ಣ, ಆ ಊದೋ ಮಿಷನ್ ತೋರ್ಸು," ಎಂದ ವೆಲ್ಡರ್. "ಒಂದು ಕಾಗದ ಆದ್ರೆ ಡ್ರಾಯರಲ್ಲಿ ಹಿಡಿಸುತ್ತೆ. ನಾವೆಲ್ಲ ಊದಿದ್ರೆ ಎಲ್ಲಿ ಇಡ್ತಾನೆ ನೋಡೋಣ."

ನಾಲ್ವರೂ ಹೋದರು. ನರ್ಸ್ ಅವರನ್ನು ಕಂಡದ್ದೇ ಕಣ್ಣು ತಗ್ಗಿಸಿದಳು. ಹಿಂದಿನ ಮೇಜಿನ ಮೇಲೆ ಯಂತ್ರಕ್ಕೆ ಬಿಳಿ ಬಟ್ಟೆ ಹೊದಿಸಿತ್ತು.

"ಮಿಷನ್ ಕೆಟ್ಟಿದೆ ಅಣ್ಣ. ಊದೋಕಾಗಲ್ಲ."

"ಯಾವಾಗಿಂದ?"

"ನಿನ್ನೆಯಿಂದ." ದನಿ ತಗ್ಗಿಸಿ, "ನಿನ್ನೆ ನಿಮ್ ಯಜಮಾನ್ರು ಡಾಕ್ಟರ್‌ನ ನೋಡೋಕೆ ಬಂದಿದ್ರು," ಎಂದಳು.

ಮೂಗಣ್ಣ ಅಂಗಿಯ ತೋಳು ಮಡಚಿದ. "ಇತ್ತ ಕೊಡು ತಾಯಿ. ಎಲ್ಲಿ ಕೆಟ್ಟಿದೆ ನೋಡ್ತೀನಿ. ಕೆಟ್ಟಿದ್ದನ್ನ ಹುಡುಕೋದೇ ನನ್ನ ಕೆಲಸ."

ಅವಳು ಡಾಕ್ಟರರ ಮುಚ್ಚಿದ ಬಾಗಿಲ ಕಡೆ ನೋಡಿದಳು. ಕಣ್ಣು ತುಂಬಿತ್ತು. "ಅದು ಕೆಟ್ಟಿಲ್ಲ ಅಣ್ಣ," ಎಂದಳು ಪಿಸುದನಿಯಲ್ಲಿ. ಬಟ್ಟೆಯನ್ನು ಮಾತ್ರ ತೆಗೆಯಲಿಲ್ಲ.

ನಾಲ್ವರೂ ಡಾಕ್ಟರರ ಬಾಗಿಲಿಗೆ ಎದುರಾಗಿ ಬೆಂಚಿನ ಮೇಲೆ ಕೂತರು. ವೆಲ್ಡರ್ ಕೆಮ್ಮಲು ಶುರು ಮಾಡಿದ. ಯಾರೂ ಏಳಲಿಲ್ಲ.