ಹನ್ನೊಂದು ಗಂಟೆಯ ಅಪ್‌ಲೋಡ್

ಇಂಟರ್ನೆಟ್ಟಿನ ವೇಗ ತೋರಿಸುವ ಮುಳ್ಳು ಮತ್ತೆ ಏರಿತು, ನಲವತ್ತು, ಎಪ್ಪತ್ತು, ತೊಂಬತ್ತಾರರ ಹತ್ತಿರ ಹೋಗಿ ಸಣ್ಣಗೆ ನಡುಗುತ್ತ ನಿಂತಿತು, ಇಳಿಯುವ ವೇಗಕ್ಕೇನೂ ಕೊರತೆಯಿಲ್ಲ, ಇನ್ನು ಏರುವುದು — ತನುಜ ಲ್ಯಾಪ್‌ಟಾಪಿನಿಂದ ಮುಖ ತಿರುಗಿಸಿ ಕಿಟಕಿಯಾಚೆ ನೋಡಿದಳು, ತಾನು ನೋಡದಿದ್ದರೆ ಒಂದೆರಡು ಹೆಚ್ಚಿಗೆ ಬಂದೀತು ಎಂಬಂತೆ, ಎದುರುಮನೆ ಮಹಡಿಯ ಮೇಲೆ ಯಾರೋ ಒದ್ದೆ ಸೀರೆ ಕೊಡವುತ್ತಿದ್ದಾರೆ, ಕೊಡವಿದಾಗಲೆಲ್ಲ ಬೆಟ್ಟ ಮರೆಯಾಗಿ ಮತ್ತೆ ಕಾಣುತ್ತದೆ, ತಿರುಗಿ ನೋಡಿದರೆ ಸೊನ್ನೆ ಬಿಂದು ಆರು. ಹತ್ತು ಗಂಟೆಗೆ ನಾಲ್ಕೂ ಮುಕ್ಕಾಲು ಇತ್ತು, ಹತ್ತೂವರೆಗೂ ಇತ್ತು, ಈಗ ಹನ್ನೊಂದು ಹೊಡೆದು ಎರಡು ನಿಮಿಷ, ದಿನವೂ ಇದೇ ಹೊತ್ತಿಗೆ ಯಾರೋ ಹಿಸುಕಿ ಹಿಡಿದ ಹಾಗೆ ಕುಸಿಯುತ್ತದೆ, ಇವತ್ತು ಹನ್ನೊಂದೂಕಾಲಿಗೆ ಗೌರಿಬಿದನೂರಿನ ನರ್ಸಿಂಗ್ ಹೋಮಿನಿಂದ ಕರೆ ಬರುತ್ತದೆ, ಅಲ್ಲಿ ಮಂಚದ ಮೇಲೆ ಶಿರೀಷಾ ಎಂಬ ಕಿವಿ ಕೇಳದ ಹೆಂಗಸು, ತುಂಬು ಬಸುರಿ, ಪಕ್ಕದಲ್ಲಿ ಡಾಕ್ಟರು, ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ತನುಜ ಚಿಕ್ಕಬಳ್ಳಾಪುರದ ಈ ಕೋಣೆಯಲ್ಲಿ ಕೂತು ಕೈಸನ್ನೆಯಲ್ಲಿ ಹೇಳಬೇಕು, ಅವಳು ಕೈಯಲ್ಲಿ ಹೇಳಿದ್ದನ್ನು ಬಾಯಲ್ಲಿ ಹೇಳಬೇಕು, ನಾಲ್ಕು ವರ್ಷದಿಂದ ಇದೇ ಕೆಲಸ, ಆಸ್ಪತ್ರೆ, ಬ್ಯಾಂಕು, ಪೊಲೀಸ್ ಠಾಣೆ, ಎಲ್ಲ ಈ ಪರದೆಯೊಳಗೆ ಬರುತ್ತವೆ. ಬರುವುದು ಚೆನ್ನಾಗಿಯೇ ಬರುತ್ತದೆ. ಕಳೆದ ಗುರುವಾರ ಶಿರೀಷಾಳ ಮೂಗುತಿಯ ಹರಳೂ ಕಾಣುತ್ತಿತ್ತು, ಮಗು ಅಡ್ಡ ಮಲಗಿದೆ, ಆಪರೇಷನ್ ಮಾಡಬೇಕಾಗುತ್ತದೆ, ಅಪಾಯ ಏನೂ ಇಲ್ಲ ಎಂದರು ಡಾಕ್ಟರು, ತನುಜ ಅಷ್ಟನ್ನೂ ಕೈಯಲ್ಲಿ ಹೇಳಿದಳು, ಆದರೆ ಅಲ್ಲಿಯ ಪರದೆಯಲ್ಲಿ ಅವಳ ಕೈ ಚೌಕ ಚೌಕವಾಗಿ ಒಡೆದುಹೋಗಿ ಮಗು ಎಂಬುದು ತಲುಪಿತು, ಹೊಟ್ಟೆ ಕೊಯ್ಯುವುದು ತಲುಪಿತು, ಅಪಾಯ ಎಂಬುದು ದಾರಿಯಲ್ಲೇ ಉಳಿದು ಇಲ್ಲ ಎಂಬುದು ಮಾತ್ರ ತಲುಪಿತು. ಮಗು ಇಲ್ಲ. ಶಿರೀಷಾಳ ಬಾಯಿ ತೆರೆದುಕೊಂಡಿದ್ದನ್ನು, ಏಮೈಂದಿ, ಏನಾಯಿತು ಎಂದು ತೆಲುಗಿನಲ್ಲಿ ಕೇಳುತ್ತ ಅವಳ ಅತ್ತೆ ಭುಜ ಹಿಡಿದು ಅಲುಗಿಸಿದ್ದನ್ನು ತನುಜ ಇಲ್ಲಿಂದ ಸ್ಪಷ್ಟವಾಗಿ ನೋಡುತ್ತಲೇ ಇದ್ದಳು, ಇಲ್ಲ ಹಾಗಲ್ಲ, ಹಾಗಲ್ಲ ಎಂದು ಕೈ ಬೀಸುತ್ತಲೇ ಇದ್ದಳು, ಆ ಬೀಸುವ ಕೈಯೂ ಅಲ್ಲಿ ಬರೀ ಇಲ್ಲ, ಇಲ್ಲ ಎಂದೇ ಕಂಡಿತಂತೆ, ಆಮೇಲೆ ನರ್ಸು ಹೇಳಿದರು.

ಅಂದಿನಿಂದ ಮಾಡದ ಉಪಾಯವಿಲ್ಲ. ರೌಟರ್ ಆರಿಸಿ ಹತ್ತು ಎಣಿಸಿ ಹಾಕಿದ್ದು, ಕಿಟಕಿಯ ಹತ್ತಿರ ಇಟ್ಟಿದ್ದು, ವೈಫೈ ಬಿಟ್ಟು ಕೇಬಲ್ಲೇ ಸಿಕ್ಕಿಸಿದ್ದು, ಫೋನಿನ ಫೋಟೋಗಳೆಲ್ಲ ತಾವಾಗಿ ಮೇಲೆ ಹೋಗುತ್ತಿದ್ದುದನ್ನು ನಿಲ್ಲಿಸಿದ್ದು, ಶನಿವಾರ ಮುನೇಶ್ ಬಂದಿದ್ದರು, ಈ ಬಡಾವಣೆಗೆಲ್ಲ ಕೇಬಲ್ ಎಳೆದವರು, ನಲವತ್ತೈದರ ಮೇಲಾದರೂ ಏಣಿಯಿಲ್ಲದೆ ಕಂಬ ಹತ್ತುವವರು, ಹತ್ತಿ ಡಬ್ಬಿ ಬಿಚ್ಚಿ ಕೂದಲಿನಂಥ ಎಳೆಯನ್ನು ಕತ್ತರಿಸಿ ಮತ್ತೆ ಬೆಸೆದರು, ಇಳಿದು ಬಂದು ಕಾಫಿ ಕುಡಿಯುತ್ತ ಹೇಳಿದರು, ಪ್ಲಾನೇ ಹಂಗೆ ಕಣಮ್ಮ, ಇಳಿಯೋದು ನೂರು, ಏರೋದು ಐದು, ಎಲ್ರೂ ಸಿನಿಮಾ ಇಳಿಸ್ಕೊಳ್ಳೋರೇ, ಮೇಲಕ್ಕೆ ಕಳ್ಸೋರು ನಮ್ ಏರಿಯಾದಲ್ಲಿ ನೀವೊಬ್ರೇ. ಐದು ಸಾಕಿತ್ತು, ಕೈ ಕಾಣುವುದಕ್ಕೆ ಎರಡಾದರೂ ಸಾಕು. ಮುನೇಶರ ಎದುರಿಗೆ ನೋಡಿದಾಗ ಐದಕ್ಕೆ ಐದೂ ಬಂತು, ಸಂಜೆ ನಾಲ್ಕು ಗಂಟೆ, ನಿಮ್ ಕಣ್ಣೆದ್ರೇ ಬಂತಲ್ಲಮ್ಮ ಎಂದು ಚೀಲ ಹೆಗಲಿಗೇರಿಸಿಕೊಂಡು ಹೋದರು. ಸೋಮವಾರ ಹನ್ನೊಂದಕ್ಕೆ ಮತ್ತೆ ಸೊನ್ನೆ ಬಿಂದು ಏಳು.

ಅಪ್ಪ ಇದ್ದಿದ್ದರೆ ನಗುತ್ತಿದ್ದರು, ನರಸಿಂಹಪ್ಪ, ಟೆಲಿಫೋನ್ ಲೈನ್‌ಮನ್, ಊರಿನ ಕೆಟ್ಟ ಫೋನುಗಳನ್ನೆಲ್ಲ ಮಾತಾಡಿಸಿದವರು, ಮನೆಯಲ್ಲಿ ಮಾತ್ರ ಫೋನು ಹೊಡೆದುಕೊಂಡರೆ ಹೆಂಡತಿಗೆ ಕೇಳುತ್ತಿರಲಿಲ್ಲ, ಅಮ್ಮ ಗಂಗುಲಮ್ಮ ಹುಟ್ಟಿದಾಗಿನಿಂದ ಕಿವಿ ಕೇಳದವಳು, ಮೇಲೂರಿನಲ್ಲಿ ಸ್ಕೂಲಿಗೆ ಹೋಗದೆ ಬೆಳೆದವಳು, ಅವಳ ಸನ್ನೆಗಳೆಲ್ಲ ಈ ಮನೆಯವೇ, ತನುಜ ಆಮೇಲೆ ಬೆಂಗಳೂರಿನಲ್ಲಿ ಕಲಿತ ಸನ್ನೆಭಾಷೆಯಲ್ಲಿ ಅವುಗಳಲ್ಲಿ ಅರ್ಧವೂ ಇಲ್ಲ. ಲೈನ್ ಕೆಟ್ಟಾಗ ಕಂಬದಿಂದ ಶುರು ಮಾಡಬಾರದು ಎನ್ನುತ್ತಿದ್ದರು ಅಪ್ಪ, ಮನೆಯಿಂದ ಶುರು ಮಾಡು, ಒಂದೊಂದೇ ಬಿಡಿಸ್ತಾ ಬಾ. ತನುಜ ರೌಟರಿನ ಪುಟ ತೆರೆದಳು, ಮನೆಯಲ್ಲಿ ಸೇರಿಕೊಂಡಿರುವವರ ಪಟ್ಟಿ, ಅವಳ ಲ್ಯಾಪ್‌ಟಾಪು, ಅವಳ ಫೋನು, ಟಿವಿ, ನಾಲ್ಕನೆಯದಕ್ಕೆ ಹೆಸರಿಲ್ಲ, ಬರೀ ಅಕ್ಷರ, ಬರೀ ಸಂಖ್ಯೆ, ಅದರ ಪಕ್ಕದಲ್ಲಿ ಮೇಲ್ಮುಖದ ಬಾಣ ಮಿನುಗುತ್ತಿದೆ. ಹನ್ನೊಂದು ಗಂಟೆ ನಾಲ್ಕು ನಿಮಿಷ. ಮುನೇಶರಿಗೆ ಫೋನ್ ಮಾಡಿ ಓದಿ ಹೇಳಿದಳು. ಓ ಅದಾ, ಅದು ಕ್ಯಾಮೆರಾ ಕಣಮ್ಮ, ನಿಮ್ ಹಾಲಲ್ಲಿರೋದು, ಅದು ಸುಮ್ನಿದ್ದಾಗ ಏನೂ ತಗೊಳಲ್ಲ, ಯಾರಾದ್ರೂ ಲೈವ್ ನೋಡಿದ್ರೆ ಮಾತ್ರ ಎಳ್ಕೊಳುತ್ತೆ, ಐದ್ರಲ್ಲಿ ನಾಲ್ಕೂ ಚಿಲ್ರೆ ಅದೇ ತಿಂದ್ಹಾಕುತ್ತೆ. ಹಾಲಿನ ಕ್ಯಾಮೆರಾ, ಹೌದು, ಹೋದ ವರ್ಷ ಹಿಂದಿನ ಬೀದಿಯಲ್ಲಿ ಕಳ್ಳತನವಾದಾಗ ಎಲ್ಲರೂ ಹಾಕಿಸಿದರು, ತನುಜ ತರಬೇತಿಗೆಂದು ಮೈಸೂರಿಗೆ ಹೋಗಿದ್ದ ವಾರ, ಬಂದು ನೋಡಿದರೆ ಬುದ್ಧನ ಪಟದ ಕೆಳಗಿನ ಶೆಲ್ಫಿನಲ್ಲಿ ಬಿಳಿ ಗುಂಡು, ಮೇಲೆ ಕೆಳಗೆ, ಅತ್ತ ಇತ್ತ ತಿರುಗುವ ತಲೆ, ಏನಿದು ಎಂದರೆ ಅಮ್ಮ ಕಳ್ಳರಿಗೆ ಎಂದು ಸನ್ನೆ ಮಾಡಿದ್ದಳು, ಅಷ್ಟೇ, ಆಮೇಲೆ ತನುಜಳ ಗಮನ ಅತ್ತ ಹೋಗಿಲ್ಲ. ಯಾರು ನೋಡ್ತಾರೆ ಮುನೇಶಣ್ಣ ಲೈವ್. ಅವರ ಹಿಂದೆ ಯಾವುದೋ ಲಾರಿ ಹೋದ ಸದ್ದು. ನಿಮ್ಗೆ ಗೊತ್ತು ಅನ್ಕೊಂಡಿದ್ದೆ ಕಣಮ್ಮ, ನಿಮ್ ತಮ್ಮ ಸಿದ್ಧಾರ್ಥ್ ಸಾರೇ ಹೇಳಿ ಹಾಕ್ಸಿದ್ದು, ಕ್ಲಾರಿಟಿ ಜಾಸ್ತಿ ಇರೋದೇ ಬೇಕು, ಬೆರಳು ಬೆರಳೂ ಕಾಣ್ಬೇಕು ಅಂದಿದ್ರು.

ಬೆರಳು ಬೆರಳೂ. ಸಿದ್ಧಾರ್ಥ್ ಚಿಂತಾಮಣಿಯಲ್ಲಿ ಕಾಲೇಜು ಮೇಷ್ಟ್ರು, ಹನ್ನೊಂದಕ್ಕೆ ಅವನಿಗೆ ಪಾಠವಿರುವುದಿಲ್ಲವೇನೋ, ತನುಜಳಿಗೆ ಏನು ಗೊತ್ತು, ಮೂರು ವರ್ಷವಾಯಿತು ಮಾತು ಬಿಟ್ಟು. ಅವನ ಮದುವೆಯ ದಿನ, ಹಾಲು ಕೆನೆ ಬಣ್ಣದ ಶಾಮಿಯಾನ, ಬೌದ್ಧ ಭಿಕ್ಷು ಭಂತೇಜಿ ವಚನ ಹೇಳಿಸುತ್ತಿದ್ದರು, ಅಮ್ಮ ವೇದಿಕೆಯ ಮೇಲೆ ಕಣ್ಣು ಕಣ್ಣು ಬಿಡುತ್ತಿದ್ದಳು, ತನುಜ ಪಕ್ಕದಲ್ಲಿ ನಿಂತು ಒಂದೊಂದನ್ನೂ ಕೈಯಲ್ಲಿ ಹೇಳುತ್ತಿದ್ದಳು, ಈಗ ಹುಡುಗಿ ಒಪ್ಪಿದಳು, ಈಗ ನಿನ್ನ ಮಗ ಒಪ್ಪಬೇಕು, ಅವನು ತಲೆ ವಾಲಿಸಿ, ತುಟಿ ಅಲುಗದ ಹಾಗೆ, ಅಕ್ಕ, ಇಲ್ಲಿ ಕೈ ಆಡಿಸ್ಬೇಡ, ಜನ ನೋಡ್ತಾವ್ರೆ ಎಂದ. ಅಮ್ಮನಿಗೆ ಕೇಳಿಸಲಿಲ್ಲ, ಆದರೆ ಮಗಳ ಕೈ ನಿಂತಿದ್ದು ಕಂಡಿತು, ಏನಂದ ಎಂದು ಕೇಳಿದಳು, ತನುಜ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು, ಹೇಳಬಾರದಿತ್ತೋ ಏನೋ, ಅವಳ ಕೆಲಸವೇ ಅದಲ್ಲವೆ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಏನೂ ಬಿಡದೆ ತಲುಪಿಸುವುದು, ಅಮ್ಮ ಸೆರಗು ಸರಿಮಾಡಿಕೊಂಡು ವೇದಿಕೆಯಿಂದ ಇಳಿದಳು, ತನುಜ ಹಿಂದೆಯೇ ಇಳಿದಳು, ಊಟ ಮಾಡದೆ ಬಸ್ಸು ಹತ್ತಿದರು. ಅಂದಿನಿಂದ ಅಮ್ಮ ಅವನ ಹೆಸರೆತ್ತಿದವಳಲ್ಲ, ಹುಬ್ಬಿನ ಮೇಲೆ ಬೆರಳಿಟ್ಟು ಎಳೆದರೆ ಅವಳ ಸನ್ನೆಯಲ್ಲಿ ಸಿದ್ಧಾರ್ಥ್, ಚಿಕ್ಕವನಿದ್ದಾಗ ಕೆರೆ ಕಟ್ಟೆಯಿಂದ ಬಿದ್ದು ಹುಬ್ಬು ಸೀಳಿಕೊಂಡಿದ್ದ, ಆ ಬೆರಳು ಮೂರು ವರ್ಷದಿಂದ ಹುಬ್ಬಿಗೆ ಹೋಗಿಲ್ಲ, ಮಗಳ ಎದುರಿಗಂತೂ ಹೋಗಿಲ್ಲ, ಆದರೆ ದಿನಾ ಹತ್ತೂವರೆಗೆ ಅಮ್ಮ ತಲೆ ಬಾಚಿಕೊಳ್ಳುತ್ತಾಳೆ, ಮುಖಕ್ಕೆ ಪೌಡರ್ ಹಾಕಿಕೊಳ್ಳುತ್ತಾಳೆ, ಪಕ್ಕದ ಮನೆಯ ಅಶ್ವತ್ಥಮ್ಮ ಹೂವು ಕಟ್ಟಲು ಬರುತ್ತಾಳಲ್ಲ ಅದಕ್ಕೆ ಎಂದುಕೊಂಡಿದ್ದಳು ತನುಜ, ಅಶ್ವತ್ಥಮ್ಮ ಬರುವುದು ಮಧ್ಯಾಹ್ನದ ಮೇಲೆ. ಹೆಜ್ಜೆಯ ಸದ್ದು ಅಡಗಿಸಿಕೊಂಡು ಬಾಗಿಲಿಗೆ ಬಂದಳು, ಅಡಗಿಸಿದ್ದು ಯಾರಿಗೆ ಕೇಳಿಸಬಾರದೆಂದೋ, ಹಾಲಿನಲ್ಲಿ ಅಮ್ಮ ಬೆನ್ನು ಮಾಡಿ ನಿಂತಿದ್ದಳು, ಶೆಲ್ಫಿಗೆ ಮುಖ, ಎರಡೂ ಕೈ ಎದೆಯ ಎತ್ತರದಲ್ಲಿ, ಗೋಡೆಯ ಕನ್ನಡಿಯಲ್ಲಿ ಆ ಕೈಗಳು ಪೂರ್ತಿ ಕಾಣುತ್ತಿದ್ದವು, ಉಂಡೆಯಾ ಎಂದಳು ಅಮ್ಮ. ಬಿಳಿ ತಲೆ ಮೇಲೆ ಹೋಗಿ ಕೆಳಗೆ ಬಂತು, ಹೌದು. ಅಲ್ಲೆಲ್ಲೋ ಚಿಂತಾಮಣಿಯ ಸ್ಟಾಫ್ ರೂಮಿನಲ್ಲಿ ಅವನ ಹೆಬ್ಬೆರಳು ಫೋನಿನ ಮೇಲೆ ಮೇಲಿಂದ ಕೆಳಕ್ಕೆ ಜಾರಿರಬೇಕು. ಹೊಟ್ಟೆ ಮುಂದೆ ಗುಂಡಗೆ ಕೈ ತಂದು ಹೆಂಡತಿಗೆ ಏನಾದರೂ ವಿಶೇಷವಾ ಎಂದಳು. ತಲೆ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಇಲ್ಲ. ಆಗುತ್ತದೆ ಬಿಡು ಎಂದು ಅಮ್ಮ ಗಾಳಿಯಲ್ಲಿ ಅವನ ಬೆನ್ನು ತಟ್ಟಿದಳು, ನಕ್ಕಳು.

ತನುಜ ಕೋಣೆಗೆ ಹಿಂದಿರುಗಿದಳು, ಬೇಸರವೋ ಏನೋ ಎಂದು ತನ್ನನ್ನು ತಡವಿ ನೋಡಿಕೊಂಡಳು, ಅಂಥದ್ದೇನೂ ಕೈಗೆ ಸಿಗಲಿಲ್ಲ, ಹನ್ನೊಂದು ಹನ್ನೆರಡು, ಸೊನ್ನೆ ಬಿಂದು ಆರು, ಅಮ್ಮನಿಗೆ ಹೇಳಿ ನಿಲ್ಲಿಸಬಹುದು, ಹೇಳಿದರೆ ತಾನು ನೋಡಿದ್ದು ಗೊತ್ತಾಗುತ್ತದೆ, ಒಂದು ವರ್ಷ ಬಚ್ಚಿಟ್ಟಿದ್ದನ್ನು ಮೂರು ನಿಮಿಷದಲ್ಲಿ ಬಿಚ್ಚುವುದು ಹೇಗೆ, ಹಾಲಿನ ಪ್ಲಗ್ಗು ಟಿವಿಗೆ ಬೇಕೆಂದು ಮುನೇಶ್ ಕ್ಯಾಮೆರಾದ ವೈರನ್ನು ವೆಂಟಿಲೇಟರಿನಿಂದ ತೂರಿಸಿ ಇದೇ ಕೋಣೆಯ ಬೋರ್ಡಿಗೆ ಕೊಟ್ಟಿದ್ದರು, ರೌಟರಿನ ಪಕ್ಕದ ಆ ಬಿಳಿ ಅಡಾಪ್ಟರನ್ನು ದಿನಾ ನೋಡುತ್ತಿದ್ದಳು, ಈಗ ಅದನ್ನು ಹಿಡಿದು ಕಿತ್ತಳು. ನಾಲ್ಕು ಬಿಂದು ಒಂಬತ್ತು. ಕರೆ ಬಂತು. ಕಾಣಿಸ್ತಿದೆಯಾ, ತನುಜ ಮೊದಲು ಕೇಳಿದ್ದು ಅದೇ, ಶಿರೀಷಾ ಬೆರಳೆತ್ತಿ ಎಣಿಸಿ ತೋರಿಸಿದಳು, ಐದೂ ಕಾಣಿಸ್ತಿದೆ. ಡಾಕ್ಟರು ನಿಧಾನವಾಗಿ ಹೇಳಿದರು, ತನುಜಳ ಕೈ ನಿಧಾನವಾಗಿ ಹೇಳಿತು, ನಾಳೆ ಬೆಳಿಗ್ಗೆ ಆಪರೇಷನ್ನು, ಮಗುವಿನ ಎದೆಬಡಿತ ಚೆನ್ನಾಗಿದೆ, ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ, ನಿನ್ನ ಒಪ್ಪಿಗೆ ಬೇಕು. ಶಿರೀಷಾ ಒಂದೇ ಕೇಳಿದಳು, ಪೂರ್ತಿ ನಿದ್ದೆ ಬರಿಸ್ತೀರಾ, ಬೇಡ, ಕಣ್ಣು ಮುಚ್ಚಿದರೆ ನನಗೆ ಯಾರೂ ಇರೋದಿಲ್ಲ, ತನುಜ ಅದನ್ನು ಬಾಯಲ್ಲಿ ಹೇಳಿದಾಗ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು, ನಿದ್ದೆ ಬರಿಸಲ್ಲಮ್ಮ, ಎಚ್ಚರ ಇರ್ತೀಯ, ತಲೆ ಹತ್ತಿರ ಫೋನು ಇಡಿಸ್ತೀನಿ, ಅದರಲ್ಲಿ ಇವರು ಇರ್ತಾರೆ ಎಂದರು. ಶಿರೀಷಾ ಕಾಗದಕ್ಕೆ ಸಹಿ ಹಾಕಿದಳು, ಉದ್ದದ ಸಹಿ, ಕೊನೆಯಲ್ಲಿ ಒಂದು ಚುಕ್ಕೆ. ಒಂದು ಸಲವೂ ಚಿತ್ರ ಒಡೆಯಲಿಲ್ಲ. ಹನ್ನೊಂದು ನಲವತ್ತಕ್ಕೆ ಕರೆ ಮುಗಿಯಿತು.

ಹಾಲಿಗೆ ಬಂದರೆ ಅಮ್ಮ ಅಲ್ಲೇ ಇದ್ದಳು, ನಿಂತೇ ಇದ್ದಳು, ಮಂಡಿ ನೋವಿಗೆ ಒಂದು ಕೈಯಲ್ಲಿ ಕುರ್ಚಿಯ ಬೆನ್ನು ಹಿಡಿದು ಇನ್ನೊಂದರಲ್ಲಿ ಹೇಳುತ್ತಿದ್ದಳು, ಬೆರಳು ಹುಬ್ಬಿನ ಮೇಲೆ ಎಳೆಯಿತು, ಸಿದ್ಧಾರ್ಥ್, ಆಮೇಲೆ ತಂತಿ ತಿರುಚುವ ಸನ್ನೆ, ಅದು ಅಪ್ಪ, ಕಣ್ಣು ಮುಚ್ಚಿದ ಸನ್ನೆ, ಮುಂದಿನ ತಿಂಗಳು ಅವರು ತೀರಿಕೊಂಡ ದಿನ, ಆಮೇಲೆ ಅಂಗೈ ತನ್ನ ಕಡೆಗೆ, ಬರ್ತೀಯಾ. ನಿಲ್ಲಿಸಿ ಕಾದಳು. ಮತ್ತೆ ಹುಬ್ಬು, ತಂತಿ, ಆ ದಿನ, ಬರ್ತೀಯಾ. ಕಾದಳು. ಅರ್ಧ ಗಂಟೆಯಾದರೂ ಅವಳ ಮುಖದಲ್ಲಿ ಆತಂಕವಿಲ್ಲ, ಕೇಳಿದ್ದು ಯೋಚಿಸಿ ಹೇಳಬೇಕಾದ ಮಾತು, ಅವನು ಯೋಚಿಸುತ್ತಿದ್ದಾನೆ ಎಂದುಕೊಂಡಿರಬೇಕು. ತನುಜ ಕೋಣೆಗೆ ಓಡಿ ಅಡಾಪ್ಟರ್ ಸಿಕ್ಕಿಸಿದಳು, ಓಡಿ ಬಾಗಿಲಿಗೆ ಬಂದಳು. ಹಸಿರು ದೀಪ ಹತ್ತಿತು. ಕರೆಂಟು ಬಂದಾಗ ಆ ಯಂತ್ರಗಳೆಲ್ಲ ಮಾಡುವ ಹಾಗೆ, ಯಾರೂ ಹೇಳದೆ, ಯಾರೂ ನೋಡದೆ, ಬಿಳಿ ತಲೆ ಎಡಗಡೆಯ ಗೋಡೆಯವರೆಗೆ ತಿರುಗಿತು, ಅಲ್ಲಿಂದ ಬಲಗಡೆಯ ಗೋಡೆಯವರೆಗೆ, ನಿಧಾನವಾಗಿ, ಪೂರ್ತಿ. ಅಮ್ಮನ ಅಂಗೈ ಇನ್ನೂ ತನ್ನ ಕಡೆಗೇ ಇತ್ತು. ತನುಜ ಎದುರಿಗೆ ಹೋಗಿ ನಿಂತಳು, ವೈರು ನಾನು ಕಿತ್ತಿದ್ದೆ ಎಂದಳು ಕೈಯಲ್ಲಿ, ಅವನು ಅಲ್ಲಿಲ್ಲ, ಅದು ಅವನ ಉತ್ತರ ಅಲ್ಲ, ಶುರುವಾಗುವಾಗ ಅದು ಹಾಗೆ ತಿರುಗುತ್ತದೆ, ಅಷ್ಟೇ. ಅಮ್ಮ ಮಗಳ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು, ತಾನು ಸಿಕ್ಕಿಬಿದ್ದದ್ದಕ್ಕೆ ಕಣ್ಣು ತಗ್ಗಿಸಲಿಲ್ಲ. ಹಾಗಾದರೆ ಅವನ ಉತ್ತರ ಏನು, ಕೇಳು, ಎಂದಳು. ಕೇಳು ಎನ್ನಲು ಅವಳು ಕಿವಿಯನ್ನೇ ಮುಟ್ಟಿಕೊಂಡಳು. ಮೂರು ವರ್ಷದಿಂದ ಅಳಿಸದೆ, ಒತ್ತದೆ ಬಿಟ್ಟಿದ್ದ ನಂಬರು, ತನುಜಳ ಫೋನಿನಲ್ಲಿ ಇನ್ನೂ ಸಿದ್ದು ಎಂದೇ ಇದೆ, ಒತ್ತಿದಳು, ರಿಂಗಾಗುತ್ತಿದೆ, ಎತ್ತಿದರೆ ಮೊದಲು ಏನೆನ್ನುವುದು, ತಮ್ಮಾ ಎನ್ನುವುದೋ, ಹೇಗಿದೀಯ ಎನ್ನುವುದೋ, ಅಮ್ಮ ಕೇಳ್ತಿದಾಳೆ ಬರ್ತೀಯಾ ಎಂದು ನೇರ ಹೇಳಿಬಿಡುವುದೋ, ಅಮ್ಮನ ಕಣ್ಣು ತನ್ನ ತುಟಿಯ ಮೇಲೆ, ಮೂರನೆಯ ರಿಂಗು, ನಾಲ್ಕನೆಯದು, ಮಾತು ಹುಡುಕಲು ಹೋದಲ್ಲೆಲ್ಲ ಇಲ್ಲ ಎನ್ನುವ ಆ ಬಿಳಿ ತಲೆ, ಎಡಗಡೆಯ ಗೋಡೆಯಿಂದ ಬಲಗಡೆಯ ಗೋಡೆಗೆ, ಐದನೆಯ ರಿಂಗು, ಎಡದಿಂದ ಬಲಕ್ಕೆ, ನಿಧಾನವಾಗಿ, ಪೂರ್ತಿ