ಬಣ್ಣ ಹಚ್ಚದ ಕದ

“ತಲಿ ಕಡೆ ಎತ್ರಿ! ಇನ್ನೊಂಚೂರು... ಯಪ್ಪಾ, ನನ್ನ ಕಾಲ ತುಳೀಬ್ಯಾಡೋ!”

ಶವಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಭಾಲ್ಕಿಯ ಆ ಸಣ್ಣ ಮನೆಯ ಎರಡು ಕದಗಳಲ್ಲಿ ಒಂದನ್ನು ಕಳಚದೆ ಸ್ಯಾಮ್ಸನ ಹೊರಗೆ ಬರುವಂತಿರಲಿಲ್ಲ. ಅವನ ಹೆಂಡತಿಯ ತಮ್ಮ ಆಲ್ವಿನ ಸ್ಕ್ರೂ ಬಿಚ್ಚಿ, ಪಕ್ಕದಲ್ಲಿದ್ದ ಅಪರಿಚಿತನ ಕೈಗೆ ಕದ ಕೊಟ್ಟ. “ಹಿಡೀರಿ ಸರ್, ಒಂದ ನಿಮಿಷ.”

ದತ್ತಾತ್ರೇಯ ಹಿಡಿದುಕೊಂಡ. ಗೋಡೆಗಳಿಗೆ ಹೊಸ ನೀಲಿ ಬಣ್ಣವಿತ್ತು. ಕದ ಮಾತ್ರ ಬೋಳು, ಬಿಸಿಲಿಗೆ ಸೀಳು ಬಿಟ್ಟಿತ್ತು.

“ಇದಕ್ಕ ಯಾಕ ಬಣ್ಣ ಇಲ್ಲರಿ?”

“ನಮ್ಮ ಮಾಮಾ ಹಚ್ಚಗೊಡಲಿಲ್ಲರಿ. ವರ್ಷಾ ವರ್ಷಾ ಕ್ರಿಸ್‌ಮಸ್ಸಿಗೆ ಮನಿಗೆಲ್ಲ ಬಣ್ಣ, ಇದಕ್ಕ ಇಲ್ಲ. ನೋಟಿಸ ಇದಕ್ಕ ಅಂಟಿಸೇವಿ ಅಂತ ಆಫೀಸಿನವ್ರು ಬರದಾರಲ್ಲ, ಬಂದು ಅಂಟಿನ ಗುರ್ತು ತೋರಸ್ಲಿ ಅಂತಿದ್ರು. ಒಂಬತ್ತ ವರ್ಷ ಆತು, ಯಾರೂ ಬರ್ಲಿಲ್ಲ.”

*

ಸ್ಯಾಮ್ಸನ ಔರಾದದ ಒಂದು ಕಚೇರಿಯಲ್ಲಿ ಜವಾನನಾಗಿದ್ದ. ರಿಜಿಸ್ಟರೊಂದು ಕಳೆದಾಗ ಆರೋಪ ಅವನ ತಲೆಗೆ ಬಂತು. ಕಪಾಟಿನ ಕೀಲಿ ಇರುತ್ತಿದ್ದದ್ದು ಸಾಹೇಬರ ಜೇಬಿನಲ್ಲಿ. ವಿಚಾರಣೆಗೆ ಕರೆದಿದ್ದರೆ ಆ ಒಂದು ಮಾತು ಹೇಳುತ್ತಿದ್ದ. ಕರೆಯಬೇಕಾದ ನೋಟಿಸು ಡ್ರಾಯರಿನಲ್ಲೇ ಉಳಿಯಿತು. ಗುಮಾಸ್ತ ದತ್ತಾತ್ರೇಯನ ಮುಂದೆ ಸಾಹೇಬರು ಪಂಚನಾಮೆ ಇಟ್ಟರು: ಮನೆಗೆ ಬೀಗವಿತ್ತು, ಸಾಕ್ಷಿಯ ಎದುರು ನೋಟಿಸು ಬಾಗಿಲಿಗೆ ಅಂಟಿಸಲಾಗಿದೆ.

“ಬಿಸಿಲಾಗ ಭಾಲ್ಕಿ ತನಕಾ ಯಾರ ಹೋಗ್ತಾರಪಾ? ಸಾಕ್ಷಿ ಅಂತ ಹಾಕು ಸಹಿ. ಚಹಾ ಆರ್ತದ.”

ಚಹಾ ಆರುವ ಮೊದಲೇ ಸಹಿ ಆಗಿತ್ತು. ಕರೆದರೂ ಬರಲಿಲ್ಲವೆಂದು ಬರೆದು ಸ್ಯಾಮ್ಸನನನ್ನು ವಜಾ ಮಾಡಿದರು. ಆಮೇಲೆ ಅವನು ಸಾಯುವವರೆಗೆ ಬೀದರದ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲ ಹೊತ್ತ.

*

ಮಣ್ಣು ಮಾಡಿ ಬಂದ ಮೇಲೆ ಸ್ಯಾಮ್ಸನನ ಹೆಂಡತಿ ಎಲಿಜಬೆತ ಬಂದವರಿಗೆಲ್ಲ ನೀರು ಕೊಟ್ಟಳು.

“ಮನಿ ಜಲ್ದಿ ಸಿಕ್ತೇನ್ರಿ ಅಣ್ಣಾರ?”

“ಎರಡ ಓಣಿ ತಪ್ಪಿದೆ ವೈನಿ. ಮೊದಲ ಸಲ ಬಂದೀನಲ್ಲ.”

“ಎಲ್ಲಿಯವರ್ರಿ ನೀವು?”

“ಔರಾದ. ಸ್ಯಾಮ್ಸನನ ಆಫೀಸ. ದತ್ತಾತ್ರೇಯ ಅಂತ.”

ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವನಿಗೆ ತಿಳಿಯಿತು. ಎಲಿಜಬೆತ ಒಳಗೆ ಹೋದಳು. ಮಡಿಕೆಗಳಲ್ಲಿ ಹರಿದಿದ್ದ ಪಂಚನಾಮೆಯ ಒಂದು ಜೆರಾಕ್ಸ್ ತಂದು ಅವನ ಮುಂದೆ ಬಿಡಿಸಿದಳು. ಕೆಳಗೆ ಅವನ ಸಹಿ.

“ಬೀಗ ಇತ್ತು ಅಂತ ಬರದೀರಿ. ಆ ದಿನ ನಮ್ಮ ಕೂಸು ಏಂಜೆಲನ ಹುಟ್ಟಿದ ಹಬ್ಬರಿ. ಮನಿ ತುಂಬ ಮಂದಿ.”

ದತ್ತಾತ್ರೇಯ ನೀರಿನ ಲೋಟ ಕೆಳಗಿಟ್ಟ.

“ಹದಿನೆಂಟಕ್ಕ ಕಲಬುರಗಿ ಕೋರ್ಟಿನೊಳಗ ಅವರ ನೌಕರಿ ಕೇಸಿನ ತಾರೀಖ ಅದ. ಅವರಿಲ್ಲಂದ್ರೂ ಕೇಸ ನಾ ಬಿಡಂಗಿಲ್ಲ. ಮೊದಲ ಸಲ ಬಂದೀನಿ ಅಂದ್ರಲ್ಲ, ಅದಿಷ್ಟ ಅಲ್ಲಿ ಬಂದು ಹೇಳ್ರಿ. ಬ್ಯಾರೆ ಏನೂ ಬ್ಯಾಡ.”

ಅವನ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಅಲ್ಲಿ ಹೇಳಿದರೆ ಕಚೇರಿಯಲ್ಲಿ ತನ್ನ ಹೆಸರಿನಲ್ಲೂ ಒಂದು ಫೈಲು ಏಳುತ್ತದೆ. “ನಾಲ್ಕೂವರೆ ಬಸ್ಸ ಅದ ವೈನಿ...” ಎನ್ನುತ್ತ ಎದ್ದ.

ಬಾಗಿಲಲ್ಲಿ ಆಲ್ವಿನ ಕದ ಕೂಡಿಸುತ್ತಿದ್ದ. “ಬರ್ರಿ ಸರ್, ನಿಮಗ ರೂಢಿ ಆಗೇದ. ಮತ್ತೊಮ್ಮೆ ಹಿಡೀರಿ.”

ದತ್ತಾತ್ರೇಯ ಎರಡೂ ಅಂಗೈ ಒತ್ತಿ ಹಿಡಿದ. ಮೂರು ಸ್ಕ್ರೂ ಒಂದೊಂದಾಗಿ ಒಳಗೆ ಹೋದವು. ಹಿಂದೆ ಎಲಿಜಬೆತಳ ಕೈಯಲ್ಲಿ ಕಾಗದ ಸಪ್ಪಳ ಮಾಡುತ್ತಿತ್ತು.

“ಆತರಿ, ಬಿಡ್ರಿ,” ಎಂದ ಆಲ್ವಿನ.

ಬಸ್ಸು ನಿಲ್ದಾಣದ ಕಡೆಯಿಂದ ಹಾರ್ನು ಕೇಳಿಸಿತು.

“ಸರ್, ಕದ ನಿಂತದ. ಬಿಡ್ರಿ.”

ಅವನು ಬಿಡಲಿಲ್ಲ.