ಗೆದ್ದು ತಂದ ಕಾಗದದ ಹಡಗು

ಕನ್ನಡಕದ ಅಂಗಡಿಯವರು ಒಂದೇ ಒಂದು ಭಾನುವಾರವನ್ನು ಮರೆಯಲು ಹೆಣಗಾಡುತ್ತಿದ್ದರು. ಆಗುತ್ತಿರಲಿಲ್ಲ. ಮರೆಯಗೊಡದ ವಸ್ತು ಮನೆಯ ಗಾಜಿನ ಕಪಾಟಿನಲ್ಲೇ ಕೂತಿತ್ತು. ಗೇಣುದ್ದದ ಯುದ್ಧದ ಹಡಗು, ಮೂರು ಕಂಬ, ಉಬ್ಬಿದ ಹಾಯಿಗಳು, ಎರಡು ಸಾಲು ಫಿರಂಗಿ ಕಿಂಡಿ. ಕಂಬದ ಬಿದಿರುಕಡ್ಡಿ, ಹಗ್ಗದ ದಾರ ಬಿಟ್ಟರೆ ಮಿಕ್ಕದ್ದೆಲ್ಲ ದಪ್ಪ ಕಾರ್ಡ್ ಹಾಳೆಯದು.

ಅದು ಅವರ ಗೆಳೆಯನದು. ಗೆಳೆಯ ಮುದ್ರಣಾಲಯದಲ್ಲಿ ಪ್ರೂಫ್ ರೀಡರ್. ಇಪ್ಪತ್ತೆರಡು ವರ್ಷ, ಭಾನುವಾರ ಮಧ್ಯಾಹ್ನ ಬಂತೆಂದರೆ ಇಬ್ಬರೂ ಅಂಗಡಿಯ ಮೇಲಿನ ಕೋಣೆ ಸೇರುತ್ತಿದ್ದರು. ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿ, ಗಾಳಿಯ ದಿಕ್ಕು ತೋರಿಸಲು ರಟ್ಟಿನ ಬಾಣವೊಂದನ್ನಿಟ್ಟು, ಹಳೆಯ ಕಾಲದ ಸಮುದ್ರಯುದ್ಧ ಆಡುತ್ತಿದ್ದರು. ಸ್ಕೇಲಿನಲ್ಲಿ ಅಳೆದು ಹಡಗು ನಡೆಸುವುದು, ದಾಳ ಹಾಕಿ ಗುಂಡು ಹೊಡೆಯುವುದು, ಗುಂಡು ತಾಗಿದ ಹಡಗಿನ ಕಂಬ ಕಿತ್ತಿಡುವುದು; ಕಂಬಗಳೆಲ್ಲ ಹೋದರೆ ಹಡಗು ಶರಣು. ತಲೆ ನರೆತ ಇಬ್ಬರು ಗಂಡಸರು ಕಾಗದದ ಹಡಗಿಗಾಗಿ ಗಂಟಲು ಹರಿದುಕೊಳ್ಳುವುದನ್ನು ಕೇಳಿ ಬೀದಿಯವರು ನಕ್ಕಿದ್ದುಂಟು. ನಗಲಿ, ಅವರಿಗೇನು ಗೊತ್ತು! ಆಟದ ಕಟ್ಟಳೆ ಮಾತ್ರ ಕಲ್ಲಿನಂಥದ್ದು: ಶರಣಾದ ಹಡಗು ಗೆದ್ದವನ ಮನೆಗೆ ಹೋಗಬೇಕು. ಸೋತವನು ಅದನ್ನು ಕೇಳಿ ಪಡೆಯುವಂತಿಲ್ಲ, ಗೆದ್ದವನು ಕನಿಕರಪಟ್ಟು ಕೊಡುವಂತಿಲ್ಲ. ಆಡಿ ಗೆದ್ದೇ ತರಬೇಕು.

ಆ ಕೊನೆಯ ಭಾನುವಾರ ಗೆಳೆಯ ಎದೆ ನೀವಿಕೊಳ್ಳುತ್ತ, "ಇವತ್ತು ಇಲ್ಲಿಗೆ ಸಾಕು ಮಾಡೋಣ ಕಣೋ" ಎಂದಿದ್ದ.

"ಸೋಲೋ ಹೊತ್ತಿಗೆ ನಿನಗೆ ಸುಸ್ತು ಬಂದೇ ಬರತ್ತೆ. ಸುಮ್ಮನೆ ದಾಳ ಹಾಕು" ಎಂದು ಇವರು ಛೇಡಿಸಿದ್ದರು.

ಗೆಳೆಯನ ದೊಡ್ಡ ಹಡಗು ಶರಣಾಯಿತು. ಇವರು ಅದನ್ನು ಮೆರೆಸುತ್ತ ಮನೆಗೆ ತಂದರು. ಗುರುವಾರ ಬೆಳಿಗ್ಗೆ ಗೆಳೆಯನೇ ಹೋಗಿಬಿಟ್ಟ. ಹೃದಯಾಘಾತವೆಂದರು.

ನಿನ್ನಿಂದಲೇ ಹೀಗಾಯಿತು ಎಂದು ಯಾರೂ ಅನ್ನಲಿಲ್ಲ. ಇವರೇ ಅಂದುಕೊಂಡರು, ದಿನಕ್ಕೆ ಹತ್ತು ಸಲ ಅಂದುಕೊಂಡರು. ಹಡಗನ್ನು ಹಿಂತಿರುಗಿಸಿ ತಪ್ಪೊಪ್ಪಿಕೊಳ್ಳಬೇಕೆಂದು ನಿಶ್ಚಯಿಸಿದರು. ಕಟ್ಟಳೆ ಮುರಿದರೆ ಮುರಿಯಲಿ ಎಂದು ಐದು ವಾರದ ನಂತರ ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಗೆಳೆಯನ ಮನೆಯ ಮೆಟ್ಟಿಲು ಹತ್ತಿದರು.

ಬಾಗಿಲು ತೆರೆದವರು ಗೆಳೆಯನ ಹೆಂಡತಿ. ಇವರು ಆಕೆಯನ್ನು ಕರೆಯುವುದು ಅತ್ತಿಗೆ ಎಂದು. ಒಳಗೆ ಕಿಟಕಿಯ ಹತ್ತಿರದ ಮೇಜಿನ ಮೇಲೆ ಅರ್ಧ ಕಟ್ಟಿದ ಹಡಗೊಂದಿತ್ತು. ಪಕ್ಕದಲ್ಲಿ ಬ್ಲೇಡು, ಸ್ಕೇಲು. ಹಚ್ಚಿದ ಅಂಟು ಇನ್ನೂ ಹಸಿಯಾಗಿತ್ತು.

"ಇದು ಯಾರು..." ಎಂದರು ಕನ್ನಡಕದವರು.

"ನಾನೇ. ಎಲ್ಲಾ ಹಡಗೂ ನಾನೇ ಕಟ್ಟಿದ್ದು. ಅವರ ಕೈಗೆ ಬ್ಲೇಡ್ ಕೊಟ್ರೆ ಹಾಳೆಗಿಂತ ಬೆರಳೇ ಜಾಸ್ತಿ ಕುಯ್ಕೊಳ್ತಿದ್ರು."

ಇಪ್ಪತ್ತೆರಡು ವರ್ಷ! ಮಡಿಕೆಯ ಗೀರು ಇಷ್ಟು ನೇರ ಬರುವುದು ಹೇಗೆ, ಕತ್ತರಿಸಿದ ಅಂಚಿನ ಬಿಳುಪು ಎಲ್ಲೂ ಇಣುಕದಂತೆ ಬಣ್ಣ ಹಚ್ಚುವುದು ಹೇಗೆ ಎಂದು ಇವರು ಗೆಳೆಯನನ್ನು ಹೊಗಳಿದ್ದೇ ಹೊಗಳಿದ್ದು. ಆ ಮಹಾನುಭಾವ ಅಷ್ಟನ್ನೂ ಜೇಬಿಗಿಳಿಸಿಕೊಂಡು ಮೀಸೆ ತಿರುವುತ್ತಿದ್ದ. ಬೇರೆ ದಿನವಾಗಿದ್ದರೆ ಇವರು ಬಿದ್ದು ಬಿದ್ದು ನಗುತ್ತಿದ್ದರು. ಇವತ್ತು ಪೆಟ್ಟಿಗೆಯ ಮುಚ್ಚಳ ತೆಗೆದರು.

"ಅತ್ತಿಗೆ, ಇದು ನಿಮ್ಮ ಹತ್ರಾನೇ ಇರಲಿ. ಅವತ್ತು ಅವನು ಸಾಕು ಅಂದ. ನಾನು ಬಿಡಲಿಲ್ಲ."

"ಗೊತ್ತು. ಅವತ್ತು ಅವರು ಮನೆಗೆ ಬಂದವರೇ ನಿಮ್ಮನ್ನ ಬಾಯ್ತುಂಬಾ ಬೈದ್ರು. ಆಮೇಲೆ, ಬರೋ ವಾರ ಹೇಗೆ ಬಿಡಿಸ್ಕೊಂಡು ಬರ್ತೀನಿ ನೋಡು ಅಂದ್ರು. ಎದೆ ನೋಯ್ತಿದೆ ಅಂತ ಮಾತ್ರ ನನಗೂ ಹೇಳಲಿಲ್ಲ." ಆಕೆ ಪೆಟ್ಟಿಗೆಯನ್ನು ಮುಟ್ಟಲಿಲ್ಲ. "ಹೀಗೆ ಕೊಟ್ರೆ ತಗೊಳ್ಳಲ್ಲ. ಕೂತ್ಕೊಳ್ಳಿ, ಆಡೋಣ."

ಊಟದ ಮೇಜಿನ ಮೇಲೆ ನೀಲಿ ಹೊದಿಕೆ ಬಿತ್ತು. ಆಕೆ ಒಳಗಿನಿಂದ ಒಂದೇ ಅಳತೆಯ ಎರಡು ಹಡಗು ತಂದು ಒಂದನ್ನು ಇವರ ಮುಂದಿಟ್ಟರು. ಆಕೆ ಗೆದ್ದರೆ ದೊಡ್ಡ ಹಡಗು ಆಕೆಯದು, ಸೋತರೆ ಆಕೆ ಆಡಿದ ಹಡಗೂ ಇವರದು.

ಕನ್ನಡಕದವರಿಗೆ ಹೋದ ಜೀವ ಬಂದಂತಾಯಿತು. ಸೋತುಬಿಟ್ಟರೆ ಕಟ್ಟಳೆಯೂ ಉಳಿಯುತ್ತದೆ, ಹಡಗೂ ಮನೆ ಸೇರುತ್ತದೆ! ಮೂರನೆಯ ಸರದಿಯಲ್ಲಿ ಅವರು ತಮ್ಮ ಹಡಗಿನ ಮೂತಿಯನ್ನು ನೇರವಾಗಿ ಗಾಳಿಯ ಬಾಣಕ್ಕೆ ಎದುರು ಮಾಡಿದರು. ಹಾಗೆ ಮಾಡಿದರೆ ಹಾಯಿ ಜೋತುಬಿದ್ದು ಹಡಗು ನಿಂತಲ್ಲೇ ನಿಲ್ಲುತ್ತದೆ, ಗುಂಡಿಗೆ ಗುರಿಯಾಗುತ್ತದೆ. ಇವರು ಜನ್ಮದಲ್ಲಿ ಮಾಡದ ತಪ್ಪು.

ಅತ್ತಿಗೆ ದಾಳವನ್ನು ಕೆಳಗಿಟ್ಟರು.

"ಒಂದೊಂದು ಹಾಯೀನೂ ಪೆನ್ಸಿಲಿಗೆ ಸುತ್ತಿ ಬಾಗಿಸೋಳು ನಾನು. ಗಾಳಿ ಯಾವ ಕಡೆಯಿಂದ ಬಂದ್ರೆ ಹಡಗು ನಡೆಯತ್ತೆ ಅಂತ ನನಗೆ ಗೊತ್ತಿಲ್ವಾ? ಅವರು ಸಾಯೋ ವಾರದಲ್ಲೂ ನೀವು ಅವರಿಗೆ ಈ ಅವಮಾನ ಮಾಡಲಿಲ್ಲ. ನನಗ್ಯಾಕೆ ಮಾಡ್ತೀರಿ? ಆ ತಿರುವು ವಾಪಸ್ ತಗೊಳ್ಳಿ."

ಕನ್ನಡಕದವರ ಮುಖ ಕೆಂಪಗಾಯಿತು. ಹಡಗನ್ನು ಮೊದಲಿದ್ದ ಕಡೆಗೆ ಸರಿಸಿದರು. ಆಮೇಲೆ ಆಡಿದರು, ಗೆಳೆಯನ ಎದುರು ಆಡುತ್ತಿದ್ದ ಹಾಗೆಯೇ, ಮುಲಾಜಿಲ್ಲದೆ. ಅತ್ತಿಗೆಗೆ ಹಡಗು ನಡೆಸುವುದು ಚೆನ್ನಾಗಿ ಗೊತ್ತಿತ್ತು, ಕಾಯುವುದು ಗೊತ್ತಿರಲಿಲ್ಲ. ದೂರದಿಂದಲೇ ಗುಂಡು ಹೊಡೆದು ದಾಳಗಳನ್ನು ದಂಡ ಮಾಡಿದರು. ಇವರು ಹತ್ತಿರ ಹೋಗಿ ಹೊಡೆದರು. ಒಂದು ಗಂಟೆಯೊಳಗೆ ಆಕೆಯ ಹಡಗಿನ ಕಂಬಗಳೆಲ್ಲ ಬಿದ್ದವು.

ಗೆದ್ದವರ ಕೈ ಮುಂದೆ ಬರಲಿಲ್ಲ. ಗಂಡ ತೀರಿಹೋದ ಮನೆಯಿಂದ ಇನ್ನೊಂದು ಹಡಗು ಎತ್ತಿಕೊಂಡು ಹೋಗುವುದೇ? ಅತ್ತಿಗೆಯೇ ಎದ್ದು, ಬಿದ್ದ ಕಂಬಗಳನ್ನು ಆಯ್ದು ತೂತುಗಳಿಗೆ ಸಿಕ್ಕಿಸಿ, ಹಡಗನ್ನು ಅವರ ಬಲ ಅಂಗೈ ಮೇಲಿಟ್ಟರು. ಪೆಟ್ಟಿಗೆಯಲ್ಲಿದ್ದ ದೊಡ್ಡದನ್ನು ತೆಗೆದು ಎಡ ಅಂಗೈ ಮೇಲಿಟ್ಟರು.

"ಅವರು ಮಾತಾಡದೆ ಬಂದು ಮಲಗ್ತಿದ್ದ ಭಾನುವಾರಗಳಿದ್ವು. ಯಾಕೆ ಅಂತ ಇವತ್ತು ಗೊತ್ತಾಯ್ತು" ಎಂದು ಆಕೆ ಅಂಟಿನ ಬೆರಳಿನಲ್ಲೇ ಮೂಗು ಒರೆಸಿಕೊಂಡರು. "ಬರೋ ವಾರ ನಾನೇ ನಿಮ್ಮ ಕೋಣೆಗೆ ಬರ್ತೀನಿ. ಎರಡನ್ನೂ ಗೆದ್ದೇ ತರ್ತೀನಿ. ಅಲ್ಲೀವರೆಗೆ ಧೂಳು ಕೂರದ ಹಾಗೆ ನೋಡ್ಕೊಳ್ಳಿ."

ಕನ್ನಡಕದವರು ತಲೆಯಾಡಿಸಿ ಹೊರಬಂದರು. ಮೆಟ್ಟಿಲಿಳಿಯುವಾಗ ಐದು ವಾರದಿಂದ ಬಾರದಿದ್ದ ಅಳು ಬಂತು. ಕಣ್ಣೊರೆಸಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ಹಡಗುಗಳಿದ್ದವು.